ನೀರು ಮಾರುವವನು ಓಡಿದ ದಾರಿ

ಗ್ರೀಸ್ ದೇಶದ ರಾಜಧಾನಿಯಾದ ಅಥೆನ್ಸ್ ನಗರದಿಂದ ಈಶಾನ್ಯಕ್ಕೆ ಸುಮಾರು ೪೦ ಕಿಲೋಮೀಟರು ದೂರದಲ್ಲಿ, ಒಂದು ಮಗ್ಗುಲಿಗೆ ಬೆಟ್ಟಸಾಲು, ಇನ್ನೊಂದು ಮಗ್ಗುಲಿಗೆ ಕಡಲು ಇರುವ ಬಯಲೊಂದಿದೆ. ಗ್ರೀಕ್ ಭಾಷೆಯಲ್ಲಿ ಸೋಂಪಿನ ಗಿಡಕ್ಕೆ ಯಾವ ಹೆಸರೋ ಆ ಬಯಲಿಗೂ ಅದೇ ಹೆಸರು: ಮ್ಯಾರಥಾನ್. ಹಿಂದೆ ಅಲ್ಲಿ ಸೋಂಪು ಯಥೇಚ್ಛವಾಗಿ ಬೆಳೆಯುತ್ತಿದ್ದಿತಂತೆ. ಇಂದು ಆ ಹೆಸರನ್ನು ಕೇಳಿದವರಿಗೆ ಸೋಂಪಿನ ನೆನಪಾಗಲಿ, ಬಯಲಿನ ನೆನಪಾಗಲಿ ಬರುವುದು ಅಪರೂಪ. ಭಾನುವಾರದ ನಸುಕಿನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಬೆವರು ಸುರಿಸುತ್ತ ಓಡುವ ಗುಮಾಸ್ತರು, ವೈದ್ಯರು, ಗೃಹಿಣಿಯರು ಎಲ್ಲರ ಬಾಯಲ್ಲಿಯೂ ಅದು ೪೨ ಕಿಲೋಮೀಟರು ೧೯೫ ಮೀಟರುಗಳ ದೀರ್ಘವಾದ ಒಂದು ಓಟದ ಹೆಸರು.

ಆ ಓಟ ಹುಟ್ಟಿದ ದಾರಿ ಇಂದಿಗೂ ಅಳಿದಿಲ್ಲ. ಮ್ಯಾರಥಾನ್ ಊರಿನಿಂದ ಹೊರಟು ಕಡಲಿನ ಪಕ್ಕದಲ್ಲಿ ಸಾಗಿ, ಬೆಟ್ಟದ ತಪ್ಪಲನ್ನು ಏರಿ, ಅಥೆನ್ಸಿನ ನಡುವೆ ಇರುವ ಅಮೃತಶಿಲೆಯ ಕ್ರೀಡಾಂಗಣದಲ್ಲಿ ಅದು ಮುಗಿಯುತ್ತದೆ. ಒಲಿಂಪಿಕ್ ಕ್ರೀಡಾಕೂಟದಲ್ಲಿ ಈ ದಾರಿಯನ್ನು ಮೊತ್ತಮೊದಲು ಗೆದ್ದವನು ಹೆಸರಾಂತ ಕ್ರೀಡಾಪಟುವಲ್ಲ. ನೀರು ಮಾರಿ ಬದುಕುತ್ತಿದ್ದ ಇಪ್ಪತ್ತಮೂರು ವರ್ಷದ ಹಳ್ಳಿಯ ತರುಣ.

ಬಯಲು ಮತ್ತು ದಿಬ್ಬ

ಮ್ಯಾರಥಾನಿನ ಬಯಲಿನಲ್ಲಿ ಪ್ರವಾಸಿಗರು ಮೊದಲು ನೋಡಬಯಸುವುದು ಒಂದು ಮಣ್ಣಿನ ದಿಬ್ಬವನ್ನು. ಸುಮಾರು ೯ ಮೀಟರು ಎತ್ತರವಿರುವ ಈ ದಿಬ್ಬ ದೂರದಿಂದ ನೋಡಿದರೆ ಹುಲ್ಲು ಬೆಳೆದ ಸಾಧಾರಣ ಗುಡ್ಡೆಯಂತೆ ಕಾಣುತ್ತದೆ. ಕ್ರಿ.ಪೂ. ೪೯೦ರಲ್ಲಿ ಪರ್ಷಿಯದ ಮಹಾಸೈನ್ಯ ಈ ತೀರದಲ್ಲಿ ಬಂದಿಳಿದಾಗ ಅದನ್ನು ಎದುರಿಸಿ ಮಡಿದ ೧೯೨ ಮಂದಿ ಅಥೆನ್ಸ್ ಯೋಧರ ಸಮಾಧಿ ಅದು. ಸಾಮಾನ್ಯವಾಗಿ ಯುದ್ಧದಲ್ಲಿ ಸತ್ತವರನ್ನು ನಗರಕ್ಕೆ ತಂದು ಸಂಸ್ಕಾರ ಮಾಡುವುದು ಅಥೆನ್ಸಿನ ಪದ್ಧತಿಯಾಗಿತ್ತು. ಇವರನ್ನು ಮಾತ್ರ ವಿಶೇಷ ಗೌರವದಿಂದ ಅವರು ಬಿದ್ದ ನೆಲದಲ್ಲಿಯೇ ಮಣ್ಣು ಮಾಡಿದರು.

ಈ ಯುದ್ಧದ ಗೆಲುವಿನ ವಾರ್ತೆಯನ್ನು ಹೊತ್ತು ದೂತನೊಬ್ಬ ಅಥೆನ್ಸಿನವರೆಗೆ ಓಡಿಹೋಗಿ, ಸುದ್ದಿಯನ್ನು ತಿಳಿಸಿದೊಡನೆ ಪ್ರಾಣಬಿಟ್ಟನೆಂಬ ಕಥೆ ಲೋಕಪ್ರಸಿದ್ಧವಾಗಿದೆ. ಆದರೆ ಯುದ್ಧವಾದ ಕೆಲವೇ ದಶಕಗಳ ಬಳಿಕ ಚರಿತ್ರೆಯನ್ನು ಬರೆದ ಹೆರೊಡೊಟಸ್ ಈ ಮಾತನ್ನೇ ಎತ್ತಿಲ್ಲ. ಅವನು ಹೇಳುವುದು ಬೇರೊಂದು ಓಟವನ್ನು: ಯುದ್ಧಕ್ಕೆ ಮೊದಲು ಫಿಡಿಪ್ಪಿಡೀಸ್ ಎಂಬ ದೂತ ಸಹಾಯವನ್ನು ಬೇಡಲು ಅಥೆನ್ಸಿನಿಂದ ಸ್ಪಾರ್ಟಾದವರೆಗೆ ಓಡಿದನಂತೆ. ಆ ದೂರ ೨೦೦ ಕಿಲೋಮೀಟರಿಗೂ ಮಿಗಿಲು. ಅಥೆನ್ಸಿಗೆ ಬಂದು ಸತ್ತ ದೂತನ ಕಥೆ ಕಾಣಿಸಿಕೊಳ್ಳುವುದು ಐದಾರು ನೂರು ವರ್ಷಗಳ ತರುವಾಯ, ಪ್ಲುಟಾರ್ಕ್ ಮತ್ತು ಲೂಸಿಯನ್ ಎಂಬ ಲೇಖಕರ ಬರಹಗಳಲ್ಲಿ. ಕಥೆ ನಿಜವೋ ಸುಳ್ಳೋ, ಅದರ ಬಲದಿಂದಲೇ ಹೊಸದೊಂದು ಓಟ ಹುಟ್ಟಿದುದು ಮಾತ್ರ ನಿಜ.

೧೮೯೪ರಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ಪುನರುಜ್ಜೀವನಗೊಳಿಸುವ ಮಾತು ನಡೆದಾಗ, ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ಭಾಷಾವಿಜ್ಞಾನಿ ಮ್ಯಾರಥಾನಿನಿಂದ ಅಥೆನ್ಸಿನವರೆಗೆ ಒಂದು ಓಟವನ್ನು ಏರ್ಪಡಿಸಬೇಕೆಂದು ಸೂಚಿಸಿದ. ಗೆದ್ದವನಿಗೆ ತಾನೇ ಒಂದು ಬೆಳ್ಳಿಯ ಬಟ್ಟಲನ್ನು ಕೊಡುವುದಾಗಿಯೂ ಹೇಳಿದ. ವಿದ್ವಾಂಸನೊಬ್ಬನ ಪುಸ್ತಕಪ್ರೇಮದಿಂದ ಮೂಡಿದ ಸ್ಪರ್ಧೆ ಇದು. ಮನುಷ್ಯನ ಕಾಲುಗಳು ಅದನ್ನು ತಾಳುತ್ತವೆಯೆ ಎಂಬುದು ಇನ್ನು ತಿಳಿಯಬೇಕಾಗಿತ್ತು.

ಮೊದಲು ನಾಡಿನ ಪಂದ್ಯ

ತಿಳಿಯುವ ದಾರಿ ಒಂದೇ, ಓಡಿ ನೋಡುವುದು. ೧೮೯೬ರ ಮಾರ್ಚ್ ತಿಂಗಳಿನಲ್ಲಿ ಗ್ರೀಸಿನವರು ತಮ್ಮ ತಮ್ಮಲ್ಲಿಯೇ ಒಂದು ಪರೀಕ್ಷೆಯ ಓಟವನ್ನು ಇಟ್ಟುಕೊಂಡರು. ಹನ್ನೆರಡು ಮಂದಿ ಹೊರಟರು. ಖರಿಲಾವೊಸ್ ವಸಿಲಾಕೊಸ್ ಎಂಬಾತ ೩ ಗಂಟೆ ೧೮ ನಿಮಿಷಗಳಲ್ಲಿ ಗುರಿ ಮುಟ್ಟಿದ. ಇವನೇ ಮ್ಯಾರಥಾನ್ ಓಟವನ್ನು ಗೆದ್ದ ಮೊದಲಿಗ. ಎರಡು ವಾರಗಳ ಬಳಿಕ ಎರಡನೆಯ ಪರೀಕ್ಷೆ ನಡೆಯಿತು. ಈ ಬಾರಿ ಓಡಿದವರು ೩೮ ಮಂದಿ. ಐದನೆಯವನಾಗಿ ಬಂದವನ ಹೆಸರು ಸ್ಪಿರಿಡೋನ್ ಲೂಯಿಸ್. ಅವನು ತೆಗೆದುಕೊಂಡ ಕಾಲ ೩ ಗಂಟೆ ೧೮ ನಿಮಿಷ ೨೭ ಸೆಕೆಂಡು. ಐದನೆಯವನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆ ದಿನ ಅವನನ್ನು ಕುರಿತು ಯಾರೂ ವಿಶೇಷವಾಗಿ ಮಾತನಾಡಿರಲಾರರು.

ಲೂಯಿಸ್ ಅಥೆನ್ಸಿನ ಉತ್ತರಕ್ಕಿರುವ ಮರೂಸಿ ಎಂಬ ಊರಿನವನು. ಆಗ ಅದು ಹಳ್ಳಿ, ಇಂದು ಮಹಾನಗರದ ಒಂದು ಭಾಗ. ಆ ದಿನಗಳಲ್ಲಿ ಅಥೆನ್ಸಿನ ಮನೆಗಳಿಗೆ ಒಳ್ಳೆಯ ನೀರಿನ ಸೌಕರ್ಯವಿರಲಿಲ್ಲ. ಮರೂಸಿಯ ಬುಗ್ಗೆಗಳ ನೀರನ್ನು ಪಾತ್ರೆಗಳಲ್ಲಿ ತುಂಬಿ, ಹೇಸರಗತ್ತೆಯ ಮೇಲೆ ಹೇರಿ ಪಟ್ಟಣಕ್ಕೆ ಕೊಂಡೊಯ್ದು ಮಾರುವುದು ಅವನ ಮನೆಯವರ ಕಸುಬು. ಪ್ರಾಣಿಯ ಬೆನ್ನ ಮೇಲೆ ನೀರು. ಅದರ ಪಕ್ಕದಲ್ಲಿ ಯಜಮಾನನ ಕಾಲ್ನಡಿಗೆ. ಬಿಸಿಲೆನ್ನದೆ ಚಳಿಯೆನ್ನದೆ ವರ್ಷಗಟ್ಟಲೆ ಹೀಗೆ ನಡೆದೂ ಓಡಿಯೂ ಪಳಗಿದ ಕಾಲುಗಳು ಅವನವು. ಓಟದ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಪಪಾಡಿಯಮಂಟೊಪುಲೊಸ್ ಎಂಬ ಸೇನಾಧಿಕಾರಿ, ಲೂಯಿಸ್ ಸೈನ್ಯದಲ್ಲಿದ್ದಾಗ ಅವನ ಮೇಲಧಿಕಾರಿಯಾಗಿದ್ದವನು. ಈ ಹುಡುಗನ ಕಾಲಿನ ಕಸುವನ್ನು ಅವನು ಬಲ್ಲವನಾಗಿದ್ದನೆಂದು ಹೇಳುತ್ತಾರೆ.

ಒಲಿಂಪಿಕ್ ಓಟಕ್ಕೆ ಹೊರದೇಶಗಳಿಂದ ಬಂದವರು ನಾಲ್ವರು. ಆಸ್ಟ್ರೇಲಿಯದ ಎಡ್ವಿನ್ ಫ್ಲ್ಯಾಕ್ ಅದೇ ವಾರ ೮೦೦ ಮೀಟರು ಹಾಗೂ ೧೫೦೦ ಮೀಟರು ಓಟಗಳೆರಡನ್ನೂ ಗೆದ್ದಿದ್ದ. ಆ ೧೫೦೦ ಮೀಟರು ಓಟದಲ್ಲಿ ಅಮೆರಿಕದ ಆರ್ಥರ್ ಬ್ಲೇಕ್ ಎರಡನೆಯವನು, ಫ್ರಾನ್ಸಿನ ಅಲ್ಬಾಂ ಲೆರ್ಮುಸಿಯೊ ಮೂರನೆಯವನು. ಮೂವರೂ ವೇಗದಲ್ಲಿ ಅಸಾಧ್ಯರು; ಆದರೆ ಈ ಪರಿಯ ದೂರಕ್ಕೆ ಪಳಗಿದವರಲ್ಲ. ನಾಲ್ಕನೆಯವನಾದ ಹಂಗೆರಿಯ ಗ್ಯುಲಾ ಕೆಲ್ನರ್ ಮಾತ್ರ ತನ್ನ ನಾಡಿನಲ್ಲಿ ಅಷ್ಟೇ ದೂರದ ಪರೀಕ್ಷೆಯನ್ನು ಓಡಿ ಆಯ್ಕೆಯಾಗಿ ಬಂದಿದ್ದ. ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಮುಂದೆ ದಾರಿಯಲ್ಲಿ ಅದೇ ದೊಡ್ಡದಾಯಿತು.

ಏರುದಾರಿ

ಈ ದಾರಿಯ ಸ್ವಭಾವವನ್ನು ಅರಿಯದೆ ಆ ಓಟದ ಕಥೆ ಅರ್ಥವಾಗದು. ಮ್ಯಾರಥಾನಿನಿಂದ ಹೊರಟವನಿಗೆ ಮೊದಲ ಹತ್ತು ಕಿಲೋಮೀಟರು ಬಹುಮಟ್ಟಿಗೆ ಸಮತಟ್ಟು. ಎಡಕ್ಕೆ ಕಡಲಿನಿಂದ ಬೀಸುವ ಗಾಳಿ, ಬಲಕ್ಕೆ ಬೆಟ್ಟ. ದೇಹದಲ್ಲಿ ಹೊಸ ಹುರುಪು. ಇಲ್ಲಿ ವೇಗವಾಗಿ ಓಡಬೇಕೆಂದು ಯಾರಿಗಾದರೂ ಆಸೆಯಾಗುತ್ತದೆ. ಅನಂತರ ರಸ್ತೆ ಒಳನಾಡಿನ ಕಡೆಗೆ ತಿರುಗುತ್ತದೆ, ಏರು ತೊಡಗುತ್ತದೆ. ಒಂದು ದಿಣ್ಣೆ ಹತ್ತಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ಹೀಗೆ ಸುಮಾರು ೩೧ನೆಯ ಕಿಲೋಮೀಟರಿನವರೆಗೂ ಏರುತ್ತ ಹೋಗಿ, ಕಡಲಮಟ್ಟದಿಂದ ೨೦೦ ಮೀಟರಿಗೂ ಹೆಚ್ಚು ಎತ್ತರವನ್ನು ಮುಟ್ಟಿದ ಮೇಲೆಯೇ ಅಥೆನ್ಸಿನ ಕಡೆಗೆ ಇಳಿಜಾರು. ಮೊದಲಲ್ಲಿ ಶಕ್ತಿಯನ್ನು ದುಂದು ಮಾಡಿದವನಿಗೆ ನಡುವಿನಲ್ಲಿ ಸಾಲ ತೀರಿಸುವ ಪಾಡು ತಪ್ಪಿದ್ದಲ್ಲ.

೧೮೯೬ರ ಏಪ್ರಿಲ್ ೧೦ರ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಹದಿನೇಳು ಮಂದಿ ಮ್ಯಾರಥಾನಿನ ಸೇತುವೆಯಿಂದ ಹೊರಟರು. ಆಗಿನ ದೂರ ಸುಮಾರು ೪೦ ಕಿಲೋಮೀಟರು. ಲೆರ್ಮುಸಿಯೊ ಬಾಣದಂತೆ ಮುನ್ನುಗ್ಗಿದ. ಅರ್ಧ ದಾರಿಯಲ್ಲಿರುವ ಪಿಕೆರ್ಮಿ ಎಂಬ ಹಳ್ಳಿಯನ್ನು ಅವನು ದಾಟಿದಾಗ ಉಳಿದವರು ಬಹಳ ಹಿಂದೆ ಇದ್ದರು. ಲಕ್ಷಾಂತರ ವರ್ಷಗಳ ಹಿಂದಿನ ಪ್ರಾಣಿಗಳ ಶಿಲೀಭೂತ ಎಲುಬುಗಳು ದೊರೆತುದರಿಂದ ವಿಜ್ಞಾನಿಗಳ ಲೋಕದಲ್ಲಿ ಹೆಸರಾದ ಪಿಕೆರ್ಮಿ ಅದೇ. ಲೂಯಿಸ್ ಆ ಹಳ್ಳಿಗೆ ಬಂದಾಗ ಒಂದು ಲೋಟ ದ್ರಾಕ್ಷಾರಸವನ್ನು ಕೇಳಿ ಕುಡಿದನೆಂದೂ, ಮುಂದೆ ಹೋದವರೆಷ್ಟು ಮಂದಿ ಎಂದು ವಿಚಾರಿಸಿ, ಅವರೆಲ್ಲರನ್ನೂ ಹಿಡಿಯುತ್ತೇನೆಂದು ನಿಶ್ಚಿಂತೆಯಿಂದ ಹೇಳಿದನೆಂದೂ ಗ್ರೀಸಿನ ಜನ ಇಂದಿಗೂ ಕಥೆ ಹೇಳುತ್ತಾರೆ. ಈ ಏರನ್ನು ಕೆಲವೇ ದಿನಗಳ ಹಿಂದೆ ಒಮ್ಮೆ ಓಡಿ ಕಂಡವನಿಗೆ ಆ ನಿಶ್ಚಿಂತೆ ಸಲ್ಲುತ್ತದೆ.

ಪಿಕೆರ್ಮಿಯನ್ನು ದಾಟಿದ ಬಳಿಕ ಖರ್ವತಿ ಎಂಬ ಹಳ್ಳಿ. ಈಗ ಅದರ ಹೆಸರು ಪಲ್ಲಿನಿ. ಮುಂದಾಳಾಗಿ ಬಂದ ಲೆರ್ಮುಸಿಯೊಗೆ ಹಳ್ಳಿಯವರು ಗೆದ್ದವನೇ ಅವನೆಂದು ಬಗೆದು ಹೂವಿನ ಮಾಲೆ ತೊಡಿಸಿದರು. ಮಾಲೆ ಬಿದ್ದಿತು, ಗೆಲುವು ಬೀಳಲಿಲ್ಲ. ಅಷ್ಟು ಹೊತ್ತಿಗಾಗಲೇ ಬ್ಲೇಕ್ ಸುಮಾರು ೨೩ನೆಯ ಕಿಲೋಮೀಟರಿನಲ್ಲಿ ಓಟವನ್ನು ಬಿಟ್ಟಿದ್ದ. ಸುಮಾರು ೩೨ನೆಯ ಕಿಲೋಮೀಟರಿನಲ್ಲಿ ಲೆರ್ಮುಸಿಯೊನ ಕಾಲೂ ಸೋತಿತು. ಈಗ ಮುಂದೆ ಫ್ಲ್ಯಾಕ್, ಅವನ ಬೆನ್ನ ಹಿಂದೆ ಲೂಯಿಸ್. ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ನೀರು ಮಾರುವವನು ಎರಡು ಓಟಗಳ ವಿಜಯಿಯನ್ನು ಹಿಂದೆ ಹಾಕಿದ. ಫ್ಲ್ಯಾಕ್ ತೂರಾಡತೊಡಗಿದ, ಬೀಳದಂತೆ ಹಿಡಿದುಕೊಳ್ಳಲು ಬಂದವನನ್ನೇ ಬವಳಿಯ ಭರದಲ್ಲಿ ಹೊಡೆದು ಕುಸಿದುಬಿದ್ದ. ಅವನನ್ನು ಗಾಡಿಯಲ್ಲಿ ಸಾಗಿಸಬೇಕಾಯಿತು. ಹೊರನಾಡಿನ ನಾಲ್ವರಲ್ಲಿ ಕ್ರೀಡಾಂಗಣವನ್ನು ತನ್ನ ಕಾಲಿನಲ್ಲಿಯೇ ಮುಟ್ಟಿದವನು ಒಬ್ಬನೇ, ಪರೀಕ್ಷೆಯ ಓಟವನ್ನು ಓಡಿ ಬಂದಿದ್ದ ಕೆಲ್ನರ್.

ಅಮೃತಶಿಲೆಯ ಅಂಗಳ

ದಾರಿಯ ಕೊನೆಯಲ್ಲಿರುವ ಪಾನಥಿನೈಕ ಕ್ರೀಡಾಂಗಣ ಅಥೆನ್ಸಿನ ಅಚ್ಚರಿಗಳಲ್ಲೊಂದು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಕುದುರೆಯ ಲಾಳದಂತೆ ಬಾಗಿದ ಸಾಲುಸಾಲು ಆಸನಗಳು. ಅಷ್ಟೂ ಪೆಂಟೆಲಿ ಬೆಟ್ಟದ ಬಿಳಿಯ ಅಮೃತಶಿಲೆ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿಯೇ ಇಲ್ಲಿ ಕ್ರೀಡಾಂಗಣವಿದ್ದಿತು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅದಕ್ಕೆ ಅಮೃತಶಿಲೆಯನ್ನು ಹೊದಿಸಿದವನು ಹೆರೊಡೀಸ್ ಆಟಿಕಸ್ ಎಂಬ ಸಿರಿವಂತ. ಅವನು ಹುಟ್ಟಿದುದು ಮ್ಯಾರಥಾನಿನಲ್ಲಿ ಎಂಬುದು ಸೋಜಿಗದ ಸಂಗತಿ. ಕಾಲಕ್ರಮದಲ್ಲಿ ಹಾಳುಬಿದ್ದಿದ್ದ ಅದನ್ನು ೧೮೯೬ರ ಕ್ರೀಡಾಕೂಟಕ್ಕಾಗಿ ಜಾರ್ಜ್ ಅವೆರಾಫ್ ಎಂಬ ಗ್ರೀಕ್ ವರ್ತಕನ ಹಣದಿಂದ ಮತ್ತೆ ಕಟ್ಟಿದರು.

ಆ ಸಂಜೆ ಅಲ್ಲಿ ನೆರೆದಿದ್ದ ಸಹಸ್ರಾರು ಜನರ ಮನಸ್ಸಿನಲ್ಲಿ ಸಂತೋಷಕ್ಕಿಂತ ಕಳವಳವೇ ಹೆಚ್ಚಾಗಿದ್ದಿತು. ಕೂಟ ನಡೆದುದು ಗ್ರೀಸಿನಲ್ಲಿ, ಕೂಟದ ಕಲ್ಪನೆಯೂ ಗ್ರೀಸಿನದು. ಆದರೂ ಓಟ, ನೆಗೆತ, ಎಸೆತಗಳಲ್ಲಿ ಒಂದರಲ್ಲಿಯೂ ಗ್ರೀಸಿನವನು ಗೆದ್ದಿರಲಿಲ್ಲ. ತಮ್ಮ ಪೂರ್ವಿಕರ ಸ್ವತ್ತೆಂದು ನಂಬಿದ್ದ ಚಕ್ರ ಎಸೆತವೂ ಅಮೆರಿಕದವನ ಪಾಲಾಗಿತ್ತು. ಫ್ಲ್ಯಾಕ್ ಮುಂದಿದ್ದಾನೆಂಬ ಸುದ್ದಿ ಬಂದಾಗ ಜನ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಪಪಾಡಿಯಮಂಟೊಪುಲೊಸ್ ಕುದುರೆಯೇರಿ ಧೂಳೆಬ್ಬಿಸುತ್ತ ಬಂದು ರಾಜನ ಬಳಿಗೆ ಧಾವಿಸಿದ. ಮುಂದಿರುವವನು ಗ್ರೀಸಿನವನೆಂಬ ಮಾತು ಒಂದು ಆಸನದಿಂದ ಇನ್ನೊಂದಕ್ಕೆ ಹಬ್ಬಿ, ಇಡೀ ಅಂಗಳ ಒಂದೇ ಕಂಠವಾಯಿತು.

ಬಿಸಿಲಿನಿಂದ ಕೆಂಪೇರಿದ, ಧೂಳು ಮೆತ್ತಿದ ಲೂಯಿಸ್ ಒಳಗೆ ಬಂದಾಗ ರಾಜಕುಮಾರರಿಬ್ಬರು ಎದ್ದು ಅವನ ಇಕ್ಕೆಲಗಳಲ್ಲಿ ಓಡಿದರು. ಕಾಲ ೨ ಗಂಟೆ ೫೮ ನಿಮಿಷ ೫೦ ಸೆಕೆಂಡು. ಎರಡನೆಯ ಪರೀಕ್ಷೆಗಿಂತ ಸುಮಾರು ಇಪ್ಪತ್ತು ನಿಮಿಷ ಕಡಮೆ! ಎರಡನೆಯವನಾಗಿ ಬಂದವನು ಮೊದಲ ಪರೀಕ್ಷೆಯನ್ನು ಗೆದ್ದಿದ್ದ ವಸಿಲಾಕೊಸ್. ಮೂರನೆಯವನಾಗಿ ಬಂದ ಗ್ರೀಸಿನವನು ದಾರಿಯಲ್ಲಿ ಸ್ವಲ್ಪ ದೂರ ಗಾಡಿಯಲ್ಲಿ ಬಂದುದು ಬಯಲಾದುದರಿಂದ ಆ ಸ್ಥಾನ ಕೆಲ್ನರನಿಗೆ ಸಂದಿತು.

ಅನಂತರ ಲೂಯಿಸನ ಮೇಲೆ ಉಡುಗೊರೆಗಳ ಮಳೆ ಸುರಿಯಿತು. ಅವನು ರಾಜನನ್ನು ಕೇಳಿಕೊಂಡದ್ದು ನೀರು ಸಾಗಿಸಲು ಒಂದು ಗಾಡಿ ಮತ್ತು ಒಂದು ಪ್ರಾಣಿಯನ್ನು ಮಾತ್ರ ಎಂದು ಪ್ರತೀತಿ. ಮತ್ತೆ ಅವನು ಯಾವ ಸ್ಪರ್ಧೆಯಲ್ಲಿಯೂ ಓಡಲಿಲ್ಲ. ತನ್ನ ಊರಿಗೆ ಹಿಂದಿರುಗಿದ. ಅವನ ಮುಂದಿನ ಬಾಳು ಹೂವಿನ ಹಾಸಿಗೆಯಾಗಿರಲಿಲ್ಲ. ೧೯೨೬ರಲ್ಲಿ ಸೈನ್ಯದ ಕಾಗದಪತ್ರಗಳನ್ನು ತಿದ್ದಿದನೆಂಬ ಆರೋಪದ ಮೇಲೆ ಸೆರೆಮನೆ ಸೇರಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು, ಕೊನೆಗೆ ನಿರ್ದೋಷಿಯೆಂದು ಬಿಡುಗಡೆ ಹೊಂದಿದ. ೧೯೪೦ರಲ್ಲಿ ತೀರಿಕೊಂಡ. ಬ್ರೆಯಾಲ್ ಕೊಟ್ಟ ಬೆಳ್ಳಿಯ ಬಟ್ಟಲು ೨೦೧೨ರಲ್ಲಿ ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ಪೌಂಡುಗಳಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು. ಮರೂಸಿಯಲ್ಲಿರುವ ಇಂದಿನ ಮಹಾಕ್ರೀಡಾಂಗಣಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

ಬಾಗಿಲ ಹೊರಗೆ ನಿಂತವಳು

ಲೂಯಿಸನ ಗೆಲುವಿನ ಗದ್ದಲ ಅಡಗುವ ಮೊದಲೇ, ಮರುದಿನ ಏಪ್ರಿಲ್ ೧೧ರ ಬೆಳಗ್ಗೆ ಎಂಟು ಗಂಟೆಗೆ, ಅದೇ ದಾರಿಯಲ್ಲಿ ಇನ್ನೊಬ್ಬರು ಓಡಿದರು. ಅವಳು ಸ್ತಮಾತಾ ರೆವಿಥಿ, ಸಿರೊಸ್ ದ್ವೀಪದಲ್ಲಿ ಹುಟ್ಟಿದ ಬಡ ಹೆಂಗಸು. ಒಬ್ಬ ಮಗನನ್ನು ಕಳೆದುಕೊಂಡಿದ್ದಳು. ಹದಿನೇಳು ತಿಂಗಳ ಇನ್ನೊಂದು ಕೂಸು ಮಡಿಲಲ್ಲಿತ್ತು. ಕೆಲಸವನ್ನು ಹುಡುಕುತ್ತ ಅಥೆನ್ಸಿನ ಕಡೆಗೆ ನಡೆದು ಬರುತ್ತಿದ್ದವಳಿಗೆ, ಈ ಓಟವನ್ನು ಓಡಿದರೆ ಹೆಸರೂ ಹಣವೂ ಬಂದಾವೆಂದು ದಾರಿಯಲ್ಲಿ ಯಾರೋ ಹೇಳಿದರಂತೆ. ಓಟದ ಹಿಂದಿನ ದಿನವೇ ಅವಳು ಮ್ಯಾರಥಾನಿಗೆ ಬಂದು ಸೇರಿದಳು. ವ್ಯವಸ್ಥಾಪಕರು ಅವಳನ್ನು ಸೇರಿಸಿಕೊಳ್ಳಲಿಲ್ಲ. ಓಟಗಾರರಿಗೆ ಆಶೀರ್ವಾದ ಮಾಡಿದ ಊರಿನ ಪಾದ್ರಿ ಅವಳಿಗೆ ಮಾತ್ರ ಆಶೀರ್ವಾದವನ್ನು ಕೊಡಲಿಲ್ಲ.

ರೆವಿಥಿ ಜಗಳವಾಡಲಿಲ್ಲ. ಹೊರಡುವ ಮೊದಲು ತಾನು ಹೊರಟ ಹೊತ್ತನ್ನು ಬರೆಯಿಸಿ, ಊರಿನ ಪ್ರಮುಖರಿಂದ ರುಜು ಹಾಕಿಸಿಕೊಂಡು ಒಂಟಿಯಾಗಿ ಓಡಿದಳು. ಮಧ್ಯಾಹ್ನ ಒಂದೂವರೆ ಗಂಟೆಗೆ ಅಥೆನ್ಸಿನ ಅಂಚಿಗೆ ಬಂದು ಮುಟ್ಟಿದಳು. ಐದೂವರೆ ಗಂಟೆಗಳ ಓಟ. ಕ್ರೀಡಾಂಗಣದೊಳಕ್ಕೆ ಅವಳಿಗೆ ಪ್ರವೇಶವಿರಲಿಲ್ಲ. ಹೊರಗೆ ಎದುರಾದ ಸೈನ್ಯಾಧಿಕಾರಿಗಳಿಂದಲೇ ತಾನು ಬಂದು ತಲಪಿದುದಕ್ಕೆ ರುಜು ಪಡೆದುಕೊಂಡಳು. ಆ ಬಳಿಕ ಅವಳ ಬಾಳು ಏನಾಯಿತೆಂಬುದಕ್ಕೆ ದಾಖಲೆಯಿಲ್ಲ. ಒಲಿಂಪಿಕ್ ಕೂಟದಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಟ ದೊರೆತುದು ೧೯೮೪ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಕೂಟ ೨೦೦೪ರಲ್ಲಿ ಅಥೆನ್ಸಿಗೆ ಹಿಂದಿರುಗಿದಾಗ ಗಂಡಸರಂತೆ ಹೆಂಗಸರೂ ಈ ಹಳೆಯ ದಾರಿಯಲ್ಲಿಯೇ ಓಡಿದರು. ಆ ವರ್ಷದ ಆಗಸ್ಟ್ ೨೨ರ ಸಂಜೆ, ಜಪಾನಿನ ಮಿಜುಕಿ ನೊಗುಚಿ ಎಲ್ಲರಿಗಿಂತ ಮೊದಲು ಅಮೃತಶಿಲೆಯ ಅಂಗಳವನ್ನು ಪ್ರವೇಶಿಸಿದಳು.

ಬೆಳಗಾವಿಯಿಂದ ಆಂಟ್‌ವರ್ಪಿಗೆ

ಸಣ್ಣ ಪಂದ್ಯದಿಂದ ಮಹಾಪಂದ್ಯಕ್ಕೆ ಏರಿದ ಲೂಯಿಸನ ದಾರಿಯನ್ನು ಕನ್ನಡ ನಾಡಿನ ನೆಲದಿಂದಲೂ ಒಬ್ಬ ತುಳಿದಿದ್ದಾನೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ, ಪುಣೆಯ ಡೆಕ್ಕನ್ ಜಿಮ್‌ಖಾನಾದ ಪಂದ್ಯಗಳಲ್ಲಿ ಹೆಸರು ಮಾಡಿ ಆಯ್ಕೆಯಾದವನು. ಅಲ್ಲಿ ಹಳ್ಳಿಯ ಓಟಗಾರರ ಬರಿಗಾಲ ಓಟವನ್ನು ಕಂಡು ಬೆರಗಾದ ಸರ್ ದೊರಾಬ್‌ಜಿ ಟಾಟಾ, ಭಾರತದ ತಂಡವೊಂದನ್ನು ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ ಕೂಟಕ್ಕೆ ಕಳುಹಿಸಲು ಮುಂದಾದರು. ಆ ವರ್ಷದ ಮ್ಯಾರಥಾನ್ ದಾರಿ ೪೨.೭೫ ಕಿಲೋಮೀಟರು, ಒಲಿಂಪಿಕ್ ಚರಿತ್ರೆಯಲ್ಲಿಯೇ ಎಲ್ಲಕ್ಕಿಂತ ಉದ್ದವಾದುದು. ಪರದೇಶದ ಚಳಿಮಳೆಯಲ್ಲಿ ಚೌಗುಲೆ ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಓಟವನ್ನು ಮುಗಿಸಿ ಹತ್ತೊಂಬತ್ತನೆಯವನಾದ. ಪದಕ ಬರಲಿಲ್ಲ. ಆದರೆ ಲೂಯಿಸ್ ಅಥೆನ್ಸಿನಲ್ಲಿ ತೆಗೆದುಕೊಂಡ ಕಾಲಕ್ಕಿಂತ ಅದು ಎಂಟು ನಿಮಿಷ ಕಡಮೆ, ಓಡಿದ ದೂರವಾದರೋ ಎರಡೂವರೆ ಕಿಲೋಮೀಟರಿಗೂ ಹೆಚ್ಚು!

ಇಂದಿನ ದಾರಿ

ಇಂದು ಮ್ಯಾರಥಾನಿಗೆ ಹೋಗಬಯಸುವ ಪ್ರವಾಸಿಗೆ ಅಥೆನ್ಸಿನಿಂದ ಬಸ್ಸು ಉಂಟು. ದಿಬ್ಬವನ್ನೂ ಪ್ರಾಚೀನವಸ್ತು ಸಂಗ್ರಹಾಲಯವನ್ನೂ ನೋಡಿ, ಊರಿನಲ್ಲಿರುವ ಮ್ಯಾರಥಾನ್ ಓಟದ ಸಂಗ್ರಹಾಲಯಕ್ಕೂ ಹೋಗಬಹುದು. ದಾರಿಯುದ್ದಕ್ಕೂ ಹಿಂದೆ ಇದ್ದ ದ್ರಾಕ್ಷಿತೋಟಗಳ ನಡುವಿನ ಮಣ್ಣುರಸ್ತೆ ಈಗ ಡಾಂಬರಿನ ಹೆದ್ದಾರಿಯಾಗಿದೆ. ೧೯೨೦ರ ದಶಕದಲ್ಲಿ ಏಷ್ಯಾ ಮೈನರಿನಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರು, ಬಿಟ್ಟುಬಂದ ಊರಿನ ನೆನಪಿಗೆ ನೆಯಾ ಮಾಕ್ರಿ ಎಂದು ಹೆಸರಿಟ್ಟ ಪಟ್ಟಣ ದಾರಿಯಲ್ಲಿ ಸಿಗುತ್ತದೆ. ಅದರ ಮುಂದೆ ಮಾತಿ ಎಂಬ ಕಡಲತೀರದ ನೆಲೆ. ೨೦೧೮ರ ಜುಲೈ ೨೩ರಂದು ಬೆಟ್ಟದ ಕಡೆಯಿಂದ ನುಗ್ಗಿದ ಕಾಡುಗಿಚ್ಚು ಈ ಹೆದ್ದಾರಿಯನ್ನು ದಾಟಿ ಬಂದು ಅಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಓಡುವವರು ಈ ನೆಲವನ್ನು ದಾಟಿಯೇ ಏರುದಾರಿಯನ್ನು ಹಿಡಿಯಬೇಕು.

ಪ್ರತಿವರ್ಷ ನವೆಂಬರ್ ತಿಂಗಳಿನಲ್ಲಿ ಇದೇ ದಾರಿಯಲ್ಲಿ ಸಾರ್ವಜನಿಕ ಮ್ಯಾರಥಾನ್ ನಡೆಯುತ್ತದೆ. ನಿಶ್ಶಸ್ತ್ರೀಕರಣಕ್ಕಾಗಿ ೧೯೬೩ರಲ್ಲಿ ಮ್ಯಾರಥಾನಿನಿಂದ ಏರ್ಪಟ್ಟಿದ್ದ ಶಾಂತಿಯಾತ್ರೆಯನ್ನು ಸರಕಾರ ನಿಷೇಧಿಸಿದಾಗ ಒಬ್ಬಂಟಿಯಾಗಿ ನಡೆದು, ಮುಂದಿನ ತಿಂಗಳೇ ಕೊಲೆಗಡುಕರಿಗೆ ಬಲಿಯಾದ ಗ್ರಿಗೊರಿಸ್ ಲಂಬ್ರಾಕಿಸನ ನೆನಪಿಗೆ ಆ ಓಟವನ್ನು ಅರ್ಪಿಸಿದ್ದಾರೆ. ಕತ್ತಲೆ ಹರಿಯುವ ಮೊದಲೇ ಅಥೆನ್ಸಿನ ಚೌಕಗಳಿಂದ ಬಸ್ಸುಗಳು ಓಟಗಾರರನ್ನು ಹೊತ್ತು ಮ್ಯಾರಥಾನಿಗೆ ಹೊರಡುತ್ತವೆ. ಅಷ್ಟು ದೂರಕ್ಕೆ ಇನ್ನೂ ಸಿದ್ಧರಲ್ಲದವರಿಗೆ ನಗರದಲ್ಲಿಯೇ ಐದು ಹಾಗೂ ಹತ್ತು ಕಿಲೋಮೀಟರುಗಳ ಓಟಗಳಿರುತ್ತವೆ. ಸಣ್ಣ ಓಟವನ್ನು ಓಡಿದವನು ಇನ್ನೊಂದು ವರ್ಷ ದೊಡ್ಡದಕ್ಕೆ ಬರುತ್ತಾನೆ. ದೊಡ್ಡ ಓಟ ಹೊರಟವರು ಐದನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ವೀರರ ದಿಬ್ಬವನ್ನು ಬಳಸಿಕೊಂಡು ಮುಂದುವರಿಯುತ್ತಾರೆ. ಊರೂರಿನ ಮುದುಕಿಯರೂ ಮಕ್ಕಳೂ ರಸ್ತೆಯ ಬದಿಯಲ್ಲಿ ನಿಂತು ಆಲಿವ್ ಮರದ ಚಿಗುರುಗಳನ್ನು ಅವರ ಕೈಗೆ ಕೊಡುತ್ತಾರೆ.

ಮೊದಲನೆಯವನು ಗುರಿ ಮುಟ್ಟಿದ ಎಷ್ಟೋ ಗಂಟೆಗಳ ಮೇಲೆಯೂ ಜನ ಬರುತ್ತಲೇ ಇರುತ್ತಾರೆ. ಗಂಡಸರು, ಹೆಂಗಸರು, ತಲೆ ನರೆತವರು, ಕುಂಟುತ್ತ ಬರುವವರು, ಬದುಕಿನಲ್ಲಿ ಮೊದಲ ಸಲ ಇಷ್ಟು ದೂರ ಓಡಿದವರು. ಐದು ಗಂಟೆ ಕಳೆದು ಬರುವವರ ಸಂಖ್ಯೆಯೂ ಕಡಮೆಯಲ್ಲ. ರೆವಿಥಿ ತೆಗೆದುಕೊಂಡದ್ದೂ ಅಷ್ಟೇ ಹೊತ್ತು. ಲೂಯಿಸನಿಗಾಗಿ ಎದ್ದು ನಿಂತ ಆಸನಗಳ ನಡುವೆ ಅವರೆಲ್ಲರೂ ಓಡಿ ಬರುತ್ತಾರೆ. ಯಾರಿಗೂ ಅಲ್ಲಿ ಬಾಗಿಲು ಹಾಕುವುದಿಲ್ಲ.